ಬೋರಲು ಬಟ್ಟಲಿನ ಮೇಲೆ ಎಣ್ಣೆಗಾಯಿ

“ಗುರುಗಳೇ, ನಾನು ಏನು ಅಲ್ಲವೋ ಅದನ್ನೇ ಜನ ನಾನೆಂದು ನಂಬಿದರೆ ಏನು ಮಾಡಬೇಕು?” ಎಂದು ಶಿಷ್ಯೆ ಕೇಳಿದಳು.

ಅಂದು ಸಂಜೆ ಅವಳು ಮೊದಲ ಸಲ ಪ್ರವಚನ ಹೇಳುವವಳಿದ್ದಳು. ಊರಿನವರು ಅವಳ ಫೋಟೋ ಹಾಕಿಸಿ, ಕೆಳಗೆ ‘ಜ್ಞಾನದ ಗಣಿ’ ಎಂದು ಬರೆಸಿ, ಮಠದ ಬಾಗಿಲಿಗೆ ಬ್ಯಾನರ್ ಕಟ್ಟಿದ್ದರು. ಫೋಟೋದಲ್ಲಿ ಅವಳ ಮುಖ ಅವಳಿಗೇ ಗುರುತು ಸಿಗದಷ್ಟು ಬೆಳಗುತ್ತಿತ್ತು. ಅದನ್ನು ಬಿಚ್ಚಿಸದ ಹೊರತು ಮಾತನಾಡಲಾರೆ ಎಂದು ಅವಳು ಹಠ ಹಿಡಿದಿದ್ದಳು.

ಗುರುಗಳು ಈ ಕತೆ ಹೇಳಿದರು.

ಒಬ್ಬ ಹೆಂಗಸು ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುತ್ತಿದ್ದಳು. ಯಾರ ಆಸರೆಯೂ ಇಲ್ಲದೆ ಒಂದೇ ಒಲೆಯಿಂದ ಶುರು ಮಾಡಿದ್ದಳು. ಜೋಳದ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿಗೆ ಅವಳ ಕೈ ಹೆಸರಾಗಿತ್ತು. ಒಂದು ಕಾಲಕ್ಕೆ ಜನ ಅದಕ್ಕಾಗಿ ಬಂದ ಬಸ್ಸನ್ನೂ ಬಿಟ್ಟು ಕೂರುತ್ತಿದ್ದರು. ಈಚೆಗೆ ಬರುವವರು ಕಡಿಮೆಯಾಗಿದ್ದರು. ಎದುರಿನ ಹೋಟೆಲಿನ ಗೋಡೆಯ ತುಂಬ ತಿಂಡಿಗಳ ಬಣ್ಣದ ಚಿತ್ರಗಳಿದ್ದವು. ಜನ ಅವನ್ನು ನೋಡಿ ಅತ್ತ ಹೋಗುತ್ತಾರೆ ಎಂದು ಅವಳು ತಿಳಿದಳು. ಹೀಗೇ ನಡೆದರೆ ದೀಪಾವಳಿಯ ಹೊತ್ತಿಗೆ ಬಾಗಿಲು ಹಾಕಬೇಕಿತ್ತು.

ಅವಳು ಒಬ್ಬ ಫೋಟೋಗ್ರಾಫರನನ್ನು ಕರೆಸಿದಳು. ಬದನೆಕಾಯಿ ಪೂರ್ತಿ ಬೆಂದರೆ ಬಣ್ಣ ಕೆಡುತ್ತದೆ, ಅರ್ಧ ಬೆಂದಾಗಲೇ ಇಳಿಸು ಎಂದು ಅವನು ಹೇಳಿದ. ತಟ್ಟೆಯಲ್ಲಿ ಒಂದು ಬಟ್ಟಲನ್ನು ಬೋರಲು ಇಟ್ಟು, ಅದರ ಮೇಲೆ ಎಣ್ಣೆಗಾಯಿ ಪೇರಿಸಿದ. ಆಮೇಲೆ ಬ್ರಷ್ ಅದ್ದಿ ಒಂದೊಂದು ಕಾಯಿಗೂ ಎಣ್ಣೆ ಬಳಿಯತೊಡಗಿದ.

“ತಮ್ಮಾ, ಇದು ಊಟಾನೋ ಮದಿಮಗಳೋ? ಎಷ್ಟಂತ ಸಿಂಗಾರ ಮಾಡತಿ?” ಎಂದಳು ಅವಳು.

“ಅವ್ವಾ, ಕ್ಯಾಮೆರಾಕ ನಾಲಿಗಿ ಇಲ್ಲ. ಕಣ್ಣಷ್ಟ ಐತಿ,” ಎಂದ ಅವನು.

ಚಿತ್ರ ಬೋರ್ಡಾಗಿ ಬಾಗಿಲ ಮೇಲೆ ಏರಿತು. ಮರುದಿನವೇ ಜನ ಬಂದರು. ವಾರದೊಳಗೆ ಬೆಂಚುಗಳು ಸಾಲದಾದವು. ಎರಡನೆಯ ವಾರ, ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ ಎಂಬುದು ಅವಳ ಗಮನಕ್ಕೆ ಬಂತು. ಒಂದು ದಿನ ಒಬ್ಬ ಲಾರಿ ಚಾಲಕ ಉಂಡು, ಕೈ ತೊಳೆದು, ಬೋರ್ಡಿನ ಕೆಳಗೆ ನಿಂತ.

“ಉಂಡಿದ್ದೇನೋ ಉಂಡೆ ಅವ್ವಾ. ಆದ್ರ ನಾ ಬಂದಿದ್ದು ಆ ಊಟಕ್ಕ,” ಎಂದು ಮೇಲೆ ತೋರಿಸಿ ಹೋದ.

ಅವಳಿಗೆ ಮೈಯೆಲ್ಲ ಉರಿಯಿತು. ಬೋರ್ಡನ್ನು ಕಿತ್ತುಹಾಕಲು ಸ್ಟೂಲ್ ಹತ್ತಿದಳು. ಅಲ್ಲಿಯವರೆಗೆ ಆ ಚಿತ್ರವನ್ನು ಅಷ್ಟು ಹತ್ತಿರದಿಂದ ಅವಳು ನೋಡಿರಲಿಲ್ಲ. ಕಾಯಿಗಳು ಗುಂಡಗಿದ್ದವು, ನೇರಳೆ ಬಣ್ಣ ಹಾಗೇ ಇತ್ತು, ಮೇಲೆ ಎಣ್ಣೆ ಮಿನುಗುತ್ತಿತ್ತು. ಖಾನಾವಳಿ ತೆರೆದ ವರ್ಷ ಅವಳು ಮಾಡುತ್ತಿದ್ದ ಎಣ್ಣೆಗಾಯಿ ಹೀಗೆಯೇ ಇರುತ್ತಿತ್ತು. ಆಗ ಎಳೆಗಾಯಿಗಳನ್ನೇ ಆರಿಸಿ ತರುತ್ತಿದ್ದಳು, ನೀರು ಸೋಕಿಸದೆ ಎಣ್ಣೆಯಲ್ಲೇ ಬಾಡಿಸುತ್ತಿದ್ದಳು. ವರ್ಷ ಕಳೆದಂತೆ ಎಣ್ಣೆ ಇಳಿದು ನೀರು ಏರಿತ್ತು. ಯಾವ ದಿನ ಹಾಗಾಯಿತೆಂದು ಅವಳಿಗೇ ತಿಳಿದಿರಲಿಲ್ಲ. ಬಣ್ಣ ಕೆಡಿಸಿದ್ದು ಬೆಂಕಿಯಲ್ಲ, ನೀರು.

ಅವಳು ಬೋರ್ಡನ್ನು ಮುಟ್ಟದೆ ಕೆಳಗಿಳಿದಳು. ಮರುದಿನ ನಸುಕಿಗೇ ಸಂತೆಗೆ ಹೋಗಿ ಒಂದೊಂದೇ ಕಾಯಿ ಆರಿಸಿದಳು. ಎದುರಿನ ಹೋಟೆಲನ್ನು ನೋಡಿ ತಾನೂ ಹಚ್ಚಿಕೊಂಡಿದ್ದ ಇಡ್ಲಿ, ಪಲಾವು, ಬಜ್ಜಿ ಎಲ್ಲ ಬಿಟ್ಟಳು. ರೊಟ್ಟಿ, ಎಣ್ಣೆಗಾಯಿ ಎರಡೇ ಉಳಿದವು. ಚಿತ್ರದಲ್ಲಿ ಎಷ್ಟು ಎತ್ತರವಿತ್ತೋ ಅಷ್ಟು ಎತ್ತರಕ್ಕೆ ಬಡಿಸಿದಳು. ಅಡಿಯಲ್ಲಿ ಬಟ್ಟಲಿರಲಿಲ್ಲ.

ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು. ದೀಪಾವಳಿ ಬಂತು. ಬಾಗಿಲು ತೆರೆದೇ ಇತ್ತು.

ಒಂದು ದಿನ ಆ ಫೋಟೋಗ್ರಾಫರನೂ ಉಣ್ಣಲು ಬಂದ. ತಟ್ಟೆಯ ಅಡಿ ಕಾಣುವವರೆಗೂ ಮಾತಾಡದೆ ಉಂಡ. ಆಮೇಲೆ, “ಅವ್ವಾ, ಹೊಸಾ ಫೋಟೋ ತೆಗೀತೀನಿ. ರೊಕ್ಕಾ ಬ್ಯಾಡ. ಅದು ಸುಳ್ಳು ಫೋಟೋ, ನನಗ ನಾಚಿಕಿ ಆಗತೈತಿ,” ಎಂದ.

“ಅದು ಅಲ್ಲೇ ಇರಲಿ ತಮ್ಮಾ. ನನ್ನ ಕೈ ಎಲ್ಲಿ ತಪ್ಪಿತ್ತು ಅಂತ ಇಷ್ಟು ಮಂದಿಯೊಳಗ ಅದೊಂದ ತೋರಿಸಿದ್ದು. ನಾ ದಿನಾ ಅದಕ್ಕ ಕೈ ಮುಗದ ಒಲಿ ಹಚ್ಚತೀನಿ,” ಎಂದು ಹೇಳಿ, ಅವನು ಬೇಡ ಬೇಡ ಎಂದರೂ ಇನ್ನೊಂದು ರೊಟ್ಟಿ ಹಾಕಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯೆ ಹೊರಗಿನ ಬ್ಯಾನರಿನ ಕಡೆ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು.

“ಅದನ್ನು ಕಟ್ಟಿದವರು ಆಗಲೇ ಬಂದು ಕೂತಿದ್ದಾರೆ ಮಗಳೇ, ಅವರಿಗೆ ಹಸಿವಾಗಿದೆ,” ಎಂದರು ಗುರುಗಳು.

ಶಿಷ್ಯೆ ಬ್ಯಾನರನ್ನು ಹಾಗೇ ಬಿಟ್ಟು, ಪ್ರವಚನ ಹೇಳಲು ಎದ್ದಳು.