ಗೊತ್ತಿಲ್ಲದ ಕಡೆಗೆ ಹೊರಟ ಕಪನಯ್ಯ

ಹತ್ತಿರ ಬಂದು ಕೂತುಕೊಳ್ಳಿ, ಕಪನಯ್ಯ ಮೇಷ್ಟ್ರಾಗಲು ಹೋದ ಸಂಗತಿ ಹೇಳುತ್ತೇನೆ. ನಗು ಬಂದರೆ ನಗಿ, ತಡೆದುಕೊಳ್ಳಬೇಡಿ.

ಕಾವೇರಿ ಬಯಲಿನ ಒಂದು ಸಣ್ಣ ಪಟ್ಟಣದಲ್ಲಿ ದ್ಯಾವಾಜಮ್ಮ ಅಂತ ಒಬ್ಬಳು ಮಂಡಕ್ಕಿ ಹುರಿಯುವ ಪುರಿಭಟ್ಟಿ ಇಟ್ಟುಕೊಂಡಿದ್ದಳು. ಗಂಡ ಇಲ್ಲ. ಇದ್ದವನೊಬ್ಬ ಮಗ, ಕಪನಯ್ಯ. ಒಳ್ಳೆಯವನು. ಆದರೆ ಹೇಳಿದ್ದು ಎಷ್ಟೋ ಅಷ್ಟೇ ಅವನಿಗೆ. ಅದರಾಚೆ ಒಂದು ಕೂದಲೆಳೆಯಷ್ಟೂ ಇಲ್ಲ. ಅಂಗಡಿಗೆ ಹೋಗಿ ಉಪ್ಪಿದೆಯಾ ಕೇಳಿಕೊಂಡು ಬಾ ಅಂದರೆ, ಹೋಗಿ ಕೇಳಿಕೊಂಡು ಬರುತ್ತಿದ್ದ. ಇದೆ ಕಣವ್ವ, ಅನ್ನುತ್ತಿದ್ದ. ಉಪ್ಪೆಲ್ಲೋ ಅಂದರೆ, ಅಂಗಡೀಲಿ ಅನ್ನುತ್ತಿದ್ದ.

ಇಂಥವನು ಡಿಗ್ರಿ ಮಾಡಿದ್ದು ಹೇಗೆ ಅಂತ ಕೇಳುತ್ತೀರಿ. ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆದರೆ ಪಾಸು ಮಾಡುತ್ತಾರಲ್ಲ, ಹಾಗೆ. ಬಿ.ಎಸ್ಸಿ. ಆಯಿತು, ಎಂ.ಎಸ್ಸಿ. ಆಯಿತು, ಎರಡರಲ್ಲೂ ಫಸ್ಟ್ ಕ್ಲಾಸು. ಇನ್ನು ಇವನನ್ನು ಏನು ಮಾಡುವುದು ಅಂತ ತಾಯಿ ತಲೆ ಮೇಲೆ ಕೈ ಹೊತ್ತು ಕೂತಳು. ಮಕ್ಕಳ ಮುಂದೆ ನಿಂತರೆ ಇವನಿಗೂ ಬುದ್ಧಿ ಬಂದೀತು ಅಂದುಕೊಂಡು ಬಿ.ಎಡ್.ಗೆ ಸೇರಿಸಿದಳು. ಹೊರಡುವ ದಿನ ತಲೆಗೆ ಎಣ್ಣೆ ಹಚ್ಚಿ, "ಅಲ್ಲಿಯವರು ಏನು ಹೇಳ್ತಾರೋ ಅದನ್ನ ಅಕ್ಷರಕ್ಷರ ಮಾಡು ಮಗ" ಅಂದಳು. ಆ ಮಾತಿಗೆ ಆಮೇಲೆ ಅವಳು ಪಟ್ಟ ಪಶ್ಚಾತ್ತಾಪ ಅಷ್ಟಿಷ್ಟಲ್ಲ.

ಕಾಲೇಜಿನಲ್ಲಿ ಪಾಠ ಕೇಳುವಷ್ಟು ದಿನ ಏನೂ ಆಗಲಿಲ್ಲ. ಅಭ್ಯಾಸ ಪಾಠಕ್ಕೆ ಹೈಸ್ಕೂಲಿಗೆ ಕಳಿಸಿದರು ನೋಡಿ, ಅಲ್ಲಿಂದ ಶುರು. ಎಂಟನೇ ಕ್ಲಾಸಿನ ಬಾಗಿಲಲ್ಲಿ ಕಾಲಿಟ್ಟದ್ದೇ ತಡ, ಮಕ್ಕಳೆಲ್ಲ ದಡಕ್ಕನೆ ಎದ್ದು ನಿಂತು ನಮಸ್ತೇ ಸಾರ್ ಅಂದವು. ಕಪನಯ್ಯನಿಗೆ ಮೈ ಜುಂ ಅಂದಿತು. ಹಿಂದೆ ಯಾರೋ ದೊಡ್ಡವರು ಬಂದಿರಬೇಕು ಅಂತ ತಿರುಗಿ ನೋಡಿದ. ಯಾರೂ ಇಲ್ಲ. ಇಷ್ಟು ಕಣ್ಣುಗಳು ತನ್ನನ್ನೇ ನೋಡುತ್ತಿವೆ ಅಂತ ತಿಳಿದದ್ದೇ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದ. ಪಾಠ ಏನೋ ಮಾಡಿದ, ಅವನಿಗೇ ಕೇಳಿಸಲಿಲ್ಲ.

ಅವನ ಪಾಠ ತಿದ್ದುವವರು ನೂರ್‌ಜಹಾನ್ ಮೇಡಂ, ಕಾಲೇಜಿನವರು. ಅವರು ಹೊರಗೆ ಕರೆದು ಬೈದರು. ಹೀಗೆ ಪಿಸುಗುಟ್ಟಿದರೆ ಆಗುವುದಿಲ್ಲ, ಕೊನೇ ಬೆಂಚಿನ ಹುಡುಗನಿಗೆ ಕೇಳಬೇಕು ನಿಮ್ಮ ಪಾಠ, ಅಂದರು. ಆಗಲಿ ಮೇಡಂ, ಅಂದ. ಮಾರನೇ ದಿನ ಒಳಗೆ ಬಂದವನೇ ನೆಟ್ಟಗೆ ಕೊನೇ ಬೆಂಚಿಗೆ ಹೋಗಿ ಕಾಳಿಂಗ ಅನ್ನುವ ಹುಡುಗನ ಪಕ್ಕ ಕೂತ. ಅವನ ಕಿವಿಗೆ ಬಾಯಿಟ್ಟು ಬೆಲ್ಲು ಹೊಡೆಯುವ ತನಕ ಪಾಠ ಹೇಳಿದ. ಉಳಿದ ಮಕ್ಕಳು ಕತ್ತು ಹೊರಳಿಸಿ ಕಾಳಿಂಗನ ಮುಖವನ್ನೇ ನೋಡುತ್ತಿದ್ದವು. ಕಾಳಿಂಗ ಒಮ್ಮೆ ಕಣ್ಣರಳಿಸಿದ, ಒಮ್ಮೆ ಹೌದಾ ಅಂದ. ಅಷ್ಟಕ್ಕೇ ಮಕ್ಕಳಿಗೆ ಆಸೆ ತಡೆಯಲಾಗಲಿಲ್ಲ. ಆಟದ ಬಿಡುವಿನಲ್ಲಿ ಇಡೀ ಕ್ಲಾಸು ಕಾಳಿಂಗನನ್ನು ಮುತ್ತಿಕೊಂಡು, ಏನಂದರೋ ಹೇಳೋ ಅಂತ ಪಾಠ ಹೇಳಿಸಿಕೊಂಡಿತು.

ಮೇಡಂ ಮತ್ತೆ ಬೈದರು. ಪಾಠ ಒಬ್ಬನಿಗಲ್ಲ, ಎಲ್ಲರಿಗೂ ಮಾಡಬೇಕು, ಮಕ್ಕಳ ಮಟ್ಟಕ್ಕೆ ಇಳಿದು ಮಾಡಬೇಕು, ಅಂದರು. ಕಪನಯ್ಯ ಮಾರನೇ ದಿನ ಒಂದು ಹುಡುಗಿಯನ್ನು ನಿಲ್ಲಿಸಿ ಅವಳ ಎತ್ತರ ನೋಡಿಕೊಂಡ. ಆಮೇಲೆ ಮೊಣಕಾಲೂರಿದ. ಹಾಗೇ ತೆವಳಿಕೊಂಡು ಹೋಗಿ ಬೋರ್ಡಿನ ಬುಡದಲ್ಲಿ ಬರೆಯತೊಡಗಿದ. ಹಿಂದಿನವರಿಗೆ ಮೇಷ್ಟ್ರ ತಲೆಗೂದಲು ಬಿಟ್ಟರೆ ಏನೂ ಕಾಣದು. ಅವರು ಬೆಂಚು ಹತ್ತಿ ನಿಂತರು. ಆ ಹೊತ್ತಿಗೆ ಪಟ್ಟಾಭಿರಾಮಯ್ಯ, ಆ ಹೈಸ್ಕೂಲಿನ ಹೆಡ್‌ಮೇಷ್ಟ್ರು, ಕಿಟಕಿಯಿಂದ ನೋಡಿದರು. ಕುರ್ಚಿ ಖಾಲಿ, ಮಕ್ಕಳು ಬೆಂಚಿನ ಮೇಲೆ. ಯಾರು ಕ್ಲಾಸಿನಲ್ಲಿ ಅಂತ ಗುಡುಗುತ್ತಾ ನುಗ್ಗಿದವರು ಕಪನಯ್ಯನನ್ನೇ ಎಡವಿ ಮೇಜು ಹಿಡಿದುಕೊಂಡು ನಿಂತರು.

ನೂರ್‌ಜಹಾನ್ ಮೇಡಂ ಹಣೆ ಒತ್ತಿಕೊಂಡರು. ಕಪನಯ್ಯ ಮಾತ್ರ ಬೇರೆ ಲೋಕದಲ್ಲಿದ್ದ. "ಮೇಡಂ, ಆ ಮಟ್ಟದಿಂದ ನೋಡಿದರೆ ಕಿಟಕಿಯಲ್ಲಿ ಬರೀ ಆಕಾಶ ಕಾಣುತ್ತೆ. ಹೆಡ್‌ಮೇಷ್ಟ್ರು ಬೆಟ್ಟದ ಹಾಗೆ ಕಾಣುತ್ತಾರೆ. ದಿನಾ ಇದನ್ನೆಲ್ಲ ನೋಡಿಕೊಂಡು ಈ ಮಕ್ಕಳು ಹೇಗೆ ಸುಮ್ಮನೆ ಕೂತಿರುತ್ತವೆ?" ಅಂದ. ಮೇಡಂ, ಎದ್ದು ನಿಂತು ಪಾಠ ಮಾಡಿ, ಏನಾದರೂ ಕೈಯಲ್ಲಿ ಹಿಡಿದು ತೋರಿಸಿ, ತೋರಿಸಲಾಗದ್ದನ್ನು ಬರೀ ಬಾಯಿಮಾತಲ್ಲಿ ಹೇಳಲೇಬೇಡಿ, ಅಂತ ಹೇಳಿ ಕಳಿಸಿದರು.

ಮುಂದಿನ ಪಾಠ ಪರಮಾಣು.

ಅವನು ಬೋರ್ಡಿನ ಮೇಲೆ ಪರಮಾಣು ಅಂತ ಬರೆದ. ಮಕ್ಕಳ ಕಡೆ ತಿರುಗಿದ. ತೋರಿಸಲಿಕ್ಕೆ ಆಗುವುದಿಲ್ಲ, ಆದ್ದರಿಂದ ಹೇಳುವ ಹಾಗೂ ಇಲ್ಲ. ಕೈಯಲ್ಲಿದ್ದದ್ದು ಒಂದು ಸೀಮೆಸುಣ್ಣ. ಅದನ್ನು ಮುರಿದ. ಅರ್ಧವನ್ನು ಮತ್ತೆ ಮುರಿದ. ಆ ಚೂರನ್ನು ಮತ್ತೆ. ಉಗುರಿನಿಂದ ಒಡೆದ, ಬೆರಳಿನಿಂದ ಹೊಸಕಿದ. ಒಂದು ಮಾತಿಲ್ಲ. ಮಕ್ಕಳು ಮೊದಲು ಕಿಸಕ್ಕೆಂದವು, ಆಮೇಲೆ ಅದೂ ನಿಂತಿತು. ಅಂಗೈಯಲ್ಲಿ ಹಿಟ್ಟಿನಷ್ಟೇ ಉಳಿದಾಗ ಕಿಟಕಿಯ ಹತ್ತಿರ ಹೋಗಿ, ಬಿಸಿಲುಕೋಲಿಗೆ ಕೈಯೊಡ್ಡಿ, ಮೆಲ್ಲಗೆ ಊದಿದ. ಬಿಸಿಲೆಲ್ಲ ಕಣಕಣವಾಗಿ ಹೊಳೆಯಿತು. ಮಕ್ಕಳು ಉಸಿರು ಹಿಡಿದವು, ತಮ್ಮ ಉಸಿರಿಗೆ ಅವು ಎಲ್ಲಿ ಚದುರುತ್ತವೋ ಅನ್ನುವ ಹಾಗೆ. ಕಣಗಳು ಒಂದೊಂದೇ ಕಾಣದಾದವು. ಕಪನಯ್ಯ ಖಾಲಿ ಬಿಸಿಲನ್ನೇ ನೋಡುತ್ತಾ ನಿಂತ, ಮಕ್ಕಳೂ ನೋಡಿದವು. ಬೆಲ್ಲು ಹೊಡೆದರೂ ಯಾರೂ ಎದ್ದೇಳಲಿಲ್ಲ. ಹಿಂದೆ ಕೂತಿದ್ದ ನೂರ್‌ಜಹಾನ್ ಮೇಡಂ ತಾವೂ ಅರ್ಧ ಎದ್ದು ಕತ್ತು ಚಾಚಿದ್ದು ಗೊತ್ತಾಗಿ ಗಾಬರಿಯಿಂದ ಕೂತುಕೊಂಡರು.

ಆದರೂ ಅವರ ಕೆಲಸ ಅವರು ಮಾಡಬೇಕಲ್ಲ. ಇಡೀ ಪೀರಿಯಡ್ಡು ಒಂದು ಪ್ರಶ್ನೆ ಇಲ್ಲ, ಒಂದು ಉತ್ತರ ಇಲ್ಲ, ಅಂತ ಬೈದರು. ಪ್ರಶ್ನೆ ಕೇಳಿದಾಗ ಉತ್ತರ ಮಕ್ಕಳ ಬಾಯಿಂದ ಬರಬೇಕು, ನಿಮ್ಮ ಬಾಯಿಂದ ಬರಬಾರದು, ಅಂದರು.

ಆ ವಾರವೇ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಶಾಲೆ ನೋಡಲು ಬಂದರು. ಎಂಟನೇ ಕ್ಲಾಸಿಗೆ ಬಂದು, ನಿಮ್ಮ ಹೆಸರೇನಪ್ಪ ಅಂತ ಕಪನಯ್ಯನನ್ನು ಕೇಳಿದರು. ಕಪನಯ್ಯ ಮಕ್ಕಳ ಕಡೆ ತಿರುಗಿ, ಯಾರು ಹೇಳುತ್ತೀರಿ, ಅಂದ. ಕೈಗಳೆಲ್ಲ ಮೇಲೆದ್ದವು. ಕಪನಯ್ಯ ಸಾರ್, ಅಂತ ಒಂದು ಹುಡುಗಿ ಹೇಳಿದಳು. ಸಾಹೇಬರು ಹುಬ್ಬೇರಿಸಿ, ತಿಂಡಿ ಆಯಿತಾ ಅಂದರು. ಅದಕ್ಕೂ ಮಕ್ಕಳನ್ನೇ ಕೇಳಿದ. ಮೂಗಿಗೆ ವಾಸನೆ ಬಡಿದವನೊಬ್ಬ, ಆಗಿದೆ ಸಾರ್, ಅಕ್ಕಿರೊಟ್ಟಿ, ಅಂದ. ಸಾಹೇಬರ ಮುಖ ಕೆಂಪಾಯಿತು. ನನ್ನನ್ನು ಗೇಲಿ ಮಾಡುತ್ತಿದ್ದೀರಾ ಅಂದರು. ಕಪನಯ್ಯ ಅದನ್ನೂ ಮಕ್ಕಳ ಮುಂದಿಟ್ಟ. ಇಲ್ಲ ಸಾರ್, ಅವರು ಇರೋದೇ ಹಂಗೆ, ಅಂತ ಇಡೀ ಕ್ಲಾಸು ಒಂದೇ ಸ್ವರದಲ್ಲಿ ಹೇಳಿತು.

ಸಾಹೇಬರು ಹೋದ ಮೇಲೆ ಪಟ್ಟಾಭಿರಾಮಯ್ಯನವರು ಕೂಗಾಡಲಿಲ್ಲ, ತಣ್ಣಗೆ ಮಾತಾಡಿದರು. ಇನ್ನು ಉಳಿದದ್ದು ಪರೀಕ್ಷೆಯ ಪಾಠ ಒಂದೇ. ಅದರಲ್ಲೂ ಹೀಗೇ ಆದರೆ ಇವನು ಮಕ್ಕಳ ಮುಂದೆ ನಿಲ್ಲಲು ಲಾಯಕ್ಕಿಲ್ಲ ಅಂತ ಕಾಲೇಜಿಗೆ ತಾವೇ ಹೇಳುವುದಾಗಿ ತಿಳಿಸಿದರು. ಸುದ್ದಿ ದ್ಯಾವಾಜಮ್ಮನಿಗೆ ಮುಟ್ಟಿತು. ಅವಳು ರಾತ್ರಿ ಊಟ ಬಿಟ್ಟಳು. ಕಪನಯ್ಯನಿಗೆ ಮೊದಲ ಸಲ ಹೆದರಿಕೆ ಆಯಿತು. ಲಾಯಕ್ಕಿಲ್ಲ ಅಂದದ್ದಕ್ಕಲ್ಲ, ಆ ಮಕ್ಕಳು ಇನ್ನು ತನ್ನನ್ನು ಕಂಡು ಎದ್ದು ನಿಲ್ಲುವುದಿಲ್ಲವಲ್ಲ ಅಂತ. ಬೆಳಗಾಗುತ್ತಲೇ ನೂರ್‌ಜಹಾನ್ ಮೇಡಂ ಮನೆಗೆ ಓಡಿ, ಒಂದೇ ಒಂದು ಮಾತು ಹೇಳಿಕೊಡಿ, ಅಂದ. ಮೇಡಂ ಯೋಚಿಸಿ ಯೋಚಿಸಿ, ಯಾರೂ ತಪ್ಪಾಗಿ ತಿಳಿಯಲಾಗದ ಮಾತೊಂದನ್ನು ಆರಿಸಿದರು. "ಮಕ್ಕಳನ್ನು ಯಾವಾಗಲೂ ಗೊತ್ತಿರುವುದರಿಂದ ಗೊತ್ತಿಲ್ಲದ ಕಡೆಗೆ ಕರೆದುಕೊಂಡು ಹೋಗಿ. ಗೊತ್ತಿಲ್ಲದ್ದರಿಂದ ಗೊತ್ತಿರುವ ಕಡೆಗೆ ಯಾವತ್ತೂ ಬರಬೇಡಿ."

ಪರೀಕ್ಷೆ ಮಾಡಲು ಬಂದವರು ಚೂಡಾಮಣಿ ಅನ್ನುವ ವಯಸ್ಸಾದ ಹೆಂಗಸು, ಬಿಗಿ ಮುಖದವರು, ನಕ್ಕದ್ದನ್ನು ಕಂಡವರಿಲ್ಲ. ಅವರು ಹಿಂದಿನ ಬೆಂಚಿನಲ್ಲಿ ಕೂತರು. ಕಪನಯ್ಯ ನಮಸ್ಕಾರ ಮಾಡಿ, ಮಕ್ಕಳೇ, ಈ ಕೋಣೆ ನಿಮಗೆ ಗೊತ್ತಲ್ಲ ಅಂದ. ಗೊತ್ತು ಸಾರ್, ಅಂದವು. ಹಾಗಾದರೆ ನಡೀರಿ, ಅಂದ.

ಸಾಲು ಹೊರಟಿತು. ಪಾಠ ಮುಗಿಯುವ ತನಕ ಜೊತೆಗಿರಬೇಕಾದ್ದು ನಿಯಮ, ಚೂಡಾಮಣಿ ಮೇಡಂ ಫೈಲು ಹಿಡಿದು ಹಿಂದೆ ಹೊರಟರು. ಸಂತೆಬೀದಿ ಬಂತು. ಇದು ಗೊತ್ತಾ? ಗೊತ್ತು ಸಾರ್. ನಡೀರಿ. ನಾಲೆ ಸೇತುವೆ ಬಂತು. ಗೊತ್ತಾ? ಈಜು ಬೀಳುತ್ತೇವೆ ಸಾರ್. ನಡೀರಿ. ಪಟ್ಟಣ ಮುಗಿಯಿತು, ಭತ್ತದ ಗದ್ದೆ ಬಂತು, ಗದ್ದೆಯಾಚೆ ಒಂದು ಹಳ್ಳಿ. ಇದು ಯಾರಿಗೂ ಗೊತ್ತಿರಲಾರದು ಅಂತ ಕಪನಯ್ಯ ಹಿಗ್ಗಿದ. ಅಷ್ಟರಲ್ಲಿ ಒಂದು ಹುಡುಗಿ, ನಮ್ಮತ್ತೆ ಊರು ಸಾರ್, ಅಂದಳು. ನಡೀರಿ. ಅತ್ತೆಯ ಊರೂ ಹಿಂದೆ ಬಿತ್ತು. ಕರಿಜಾಲಿ ಗಿಡಗಳ ನಡುವೆ ಒಂದು ಏರಿ ಎದ್ದಿತ್ತು. ಹತ್ತಿದರು. ಹತ್ತಿದವರು ಹತ್ತಿದ ಹಾಗೇ ನಿಂತುಬಿಟ್ಟರು.

ಕೆಳಗೆ ಕೆರೆ. ನೀರು ಕಾಣದಷ್ಟು ಹಕ್ಕಿ. ಬೂದುಬಣ್ಣದ ದೊಡ್ಡ ಹಕ್ಕಿಗಳು, ಬಿಳೀ ತಲೆ, ತಲೆಯ ಮೇಲೆ ಎರಡು ಕಪ್ಪು ಪಟ್ಟಿ. ಎಲ್ಲವೂ ಒಂದೇ ದಿಕ್ಕಿಗೆ ಮುಖ ಮಾಡಿ ತೇಲುತ್ತಿದ್ದವು.

ಗೊತ್ತಾ, ಅಂತ ಕಪನಯ್ಯ ಕೇಳಿದ. ಈ ಸಲ ಮಕ್ಕಳೆಲ್ಲ ಇಲ್ಲ ಅಂತ ತಲೆಯಾಡಿಸಿದವು. ಅತ್ತೆ ಊರಿನ ಹುಡುಗಿ, "ಇವು ಯಾವುವು ಸಾರ್? ಎಲ್ಲಿಂದ ಬಂದವು?" ಅಂದಳು.

"ನನಗೂ ಗೊತ್ತಿಲ್ಲ ಕಣಮ್ಮ," ಅಂದ ಕಪನಯ್ಯ. "ಬಂದು ತಲುಪಿದೆವು."

ಆಗ ಏನು ಕಂಡು ಬೆದರಿದವೋ, ಹಕ್ಕಿಗಳೆಲ್ಲ ಒಟ್ಟಿಗೇ ಎದ್ದವು. ರೆಕ್ಕೆಯ ಸದ್ದು ಎದೆಗೂಡಿನ ಒಳಗೆ ಬಡಿಯಿತು. ಬಿಸಿಲು ಮರೆಯಾಯಿತು, ಮಕ್ಕಳ ಮುಖದ ಮೇಲೆ ನೆರಳು ಹರಿದುಹೋಯಿತು. ಒಂದು ಸುತ್ತು ಹೊಡೆದು ಮತ್ತೆ ನೀರಿಗಿಳಿದಾಗ ಚೂಡಾಮಣಿ ಮೇಡಂ ಕೈಲಿದ್ದ ಪೆನ್ನು ಎಲ್ಲೋ ಬಿದ್ದಿತ್ತು. ಅವರು ಹುಡುಕಲಿಲ್ಲ.

ಅಷ್ಟರಲ್ಲಿ ಪಟ್ಟಾಭಿರಾಮಯ್ಯನವರು ಸ್ಕೂಟರಿನಲ್ಲಿ ಬಂದರು, ಹಿಂದೆ ನೂರ್‌ಜಹಾನ್ ಮೇಡಂ. ಈಗಲೇ ಮಕ್ಕಳನ್ನು ವಾಪಸ್ಸು ಕರೆದುಕೊಂಡು ನಡಿ, ಅಂದರು. ಕಪನಯ್ಯ ವಿನಯದಿಂದ, ಆಗುವುದಿಲ್ಲ ಸಾರ್, ಅಂದ. ವಾಪಸ್ಸು ಅಂದರೆ ಗೊತ್ತಿಲ್ಲದ್ದರಿಂದ ಗೊತ್ತಿರುವ ಕಡೆಗೆ ಬಂದ ಹಾಗಾಯಿತು, ಮೇಡಂ ಯಾವತ್ತೂ ಬೇಡ ಅಂದಿದ್ದಾರೆ, ಅಂದ. ಎಲ್ಲರೂ ನೂರ್‌ಜಹಾನ್ ಮೇಡಂ ಕಡೆ ನೋಡಿದರು. ಅವರು ಕೆರೆ ಕಡೆ ನೋಡಿದರು.

ಮಕ್ಕಳಿಗೆ ಹಸಿವಾಗುತ್ತಿತ್ತು. ಕಪನಯ್ಯ ಯೋಚಿಸಿ ಯೋಚಿಸಿ ಒಂದು ದಾರಿ ಕಂಡುಕೊಂಡ. ಮುಖ ಗೊತ್ತಿಲ್ಲದ ಕಡೆಗೇ ಇರಲಿ, ಕಾಲು ಮಾತ್ರ ಮನೆ ಕಡೆ ಹೋಗಲಿ, ಅಂದ. ಹಾಗೆ ಆ ಸಾಲು ಹಿಂದುಹಿಂದಕ್ಕೆ ನಡೆಯಿತು. ಮಕ್ಕಳ ಕಣ್ಣೆಲ್ಲ ಕೆರೆಯ ಮೇಲೆ, ಹಕ್ಕಿಗಳು ಸಣ್ಣಗಾಗುತ್ತಾ ಹೋದವು. ಗದ್ದೆಯಲ್ಲಿ ನಾಟಿ ಹಾಕುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ನಿಂತು, ಇವರು ಬರುತ್ತಿದ್ದಾರೋ ಹೋಗುತ್ತಿದ್ದಾರೋ ತಿಳಿಯದೆ ನೋಡಿದರು. ಚೂಡಾಮಣಿ ಮೇಡಮ್ಮೂ ಹಿಂದುಹಿಂದಕ್ಕೇ ನಡೆದರು. ಯಾಕೆ ಅಂತ ಕೇಳುವ ಧೈರ್ಯ ಪಟ್ಟಾಭಿರಾಮಯ್ಯನವರಿಗೆ ಬರಲಿಲ್ಲ. ಅವರು ಸ್ಕೂಟರು ತಳ್ಳಿಕೊಂಡು ಬಂದರು.

ಬೆನ್ನಿಗೆ ಕಣ್ಣಿಲ್ಲ. ಪಟ್ಟಣದ ಅಂಚಿನಲ್ಲಿ ತಿರುವು ತಪ್ಪಿತು. ಶಾಲೆಯ ಗೇಟು ಅಂದುಕೊಂಡು ಕಪನಯ್ಯ ಇನ್ಯಾವುದೋ ಗೇಟಿನೊಳಕ್ಕೆ ಹೊಕ್ಕ, ಹಿಂದೆಯೇ ಇಡೀ ಕ್ಲಾಸು. ಎಲ್ಲರ ಬೆನ್ನಿಗೂ ಒಮ್ಮೆಗೇ ತಣ್ಣನೆ ಗಾಳಿ ಹೊಡೆಯಿತು. ತಿರುಗಿ ನೋಡಿದರೆ ಬಿಳೀ ಹೊಗೆ, ಒದ್ದೆ ನೆಲ, ಮಕ್ಕಳೆತ್ತರದ ಗಾಜಿನಂಥ ಕಂಬಗಳು, ಒಂದೊಂದರ ಒಳಗೂ ಬೆಳಕು. ಅದು ಐಸ್ ಫ್ಯಾಕ್ಟರಿ. ಕೊಕ್ಕೆ ಹಿಡಿದು ಐಸು ಎಳೆಯುತ್ತಿದ್ದ ಆಳುಗಳು ಬಾಯಿ ತೆರೆದು ನಿಂತರು.

ಪಟ್ಟಾಭಿರಾಮಯ್ಯನವರು ತಲೆ ಹಿಡಿದುಕೊಂಡರು. ಶಾಲೆ ಪಕ್ಕದ ಬೀದಿಯಲ್ಲಿದೆಯಪ್ಪ, ಹೊರಗೆ ನಡಿ, ಅಂತ ಬೇಡಿಕೊಂಡರು.

ಕಪನಯ್ಯನಿಗೆ ಅದು ಕೇಳಿಸಲಿಲ್ಲ. ಅವನು ಆ ಬೆಳಕನ್ನೇ ನೋಡುತ್ತಾ, "ಮಕ್ಕಳೇ, ಈ ಜಾಗ ಗೊತ್ತಾ?" ಅಂದ.

"ಗೊತ್ತಿಲ್ಲ ಸಾರ್."

ಅವನ ಮುಖ ಅರಳಿತು. "ಹಾಗಾದರೆ ಕೂತುಕೊಳ್ಳಿ," ಅಂದ.

ಒದ್ದೆ ನೆಲದ ಮೇಲೆ ಎಲ್ಲರಿಗಿಂತ ಮೊದಲು ಕೂತವರು ಚೂಡಾಮಣಿ ಮೇಡಂ.