ಕಣ್ಣು ಮುಚ್ಚಿ ಕೇಳುವ ಗೈಡು

ನಗರ ಯೋಜನೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಚಂಪಕಳ ಸಂಗತಿ ಕೇಳಿದ್ದೀರೋ ಇಲ್ಲವೋ. ಊರು ಹೇಗೆ ಕಟ್ಟಬೇಕು ಅಂತ ಲೋಕದವರೆಲ್ಲ ಬರೆದದ್ದನ್ನು ಓದಿ, ಅದರ ಸಾರವನ್ನು ಸಭೆಯೆದುರು ಒಪ್ಪಿಸಬೇಕು. ಅವಳ ಗೈಡು ಹಾಲಪ್ಪನವರೋ, ಮಧ್ಯಾಹ್ನ ಮುದ್ದೆ ಉಂಡು ಬಂದು ಕೂತರೆ ಗೊರಕೆ. ಮನೆಯಲ್ಲೂ ಹೀಗೇ ಅಂತೆ, ಅವರ ಹೆಂಡತಿಯೇ ಅಂದದ್ದು. ಎಚ್ಚರವಾದ ಕೂಡಲೇ ಒಂದೇ ಮಾತು: "ಮುಖ್ಯವಾದದ್ದೇ ಬಿಟ್ಟಿದ್ದೀಯಮ್ಮ, ಮತ್ತೆ ಓದಿಕೊಂಡು ಬಾ." ಯಾರಾದರೂ ನಿದ್ದೆ ಅಂದರೋ, ಕೆಂಡ. "ನಾನು ಕಣ್ಣು ಮುಚ್ಚಿ ಕೇಳುವವನು!"

ಈ ಸಲವೂ ವಾಪಸಾದರೆ ಚಂಪಕಳ ಪಿಎಚ್‌ಡಿಯೇ ರದ್ದು. ಅವಳೇನು ಮಾಡಿದಳು ಗೊತ್ತೆ? ಜೋಗುಳದ ಹಾಗೆ ಓದಿದಳು. ನೆರಳು ಹಾಸಿದ ಬೀದಿಗಳು, ತಂಗಾಳಿ ಸುಳಿಯುವ ಓಣಿಗಳು, ಕೆರೆ ದಂಡೆಯ ಕಲ್ಲುಬೆಂಚುಗಳು... ಹಾಲಪ್ಪನವರ ತಲೆ ತೂಗಿತು, ಗಲ್ಲ ಎದೆಗಿಳಿಯಿತು. ಆಗ ಮೆಲ್ಲಗೆ ಕೇಳಿದಳು, "ಸರ್, ಏನಾದರೂ ಬಿಟ್ಟಿದ್ದರೆ ಈಗಲೇ ಹೇಳಿಬಿಡಿ." ಉತ್ತರವಾಗಿ ಗೊರಕೆ ಬಂತು.

ಕಣ್ಣು ಬಿಟ್ಟವರೇ ಶುರು ಮಾಡಿದರು, "ಮುಖ್ಯವಾದದ್ದೇ..."

"ಆಗಲೇ ಕೇಳಿದೆನಲ್ಲ ಸರ್, ನೀವು ಸುಮ್ಮನಿದ್ದಿರಿ. ನಿದ್ದೆಯೇನಾದರೂ ಹತ್ತಿತ್ತೆ?"

ಸಭೆಯೆಲ್ಲ ಅವರ ಮುಖವನ್ನೇ ನೋಡಿತು.

"ನಿದ್ದೆಯೇ? ನನಗೇ? ಒಂದಕ್ಷರ ಬಿಡದೆ ಕೇಳಿದ್ದೇನೆ!" ಎಂದು ಗುಡುಗಿ, ಒಪ್ಪಿಗೆಯ ಸಹಿ ಗೀಚಿದರು. ಆಮೇಲೆ ಸಾಕ್ಷಿಗಿರಲಿ ಅಂತ, "ಅದರಲ್ಲೂ ಆ ಊರು! ಸಂಜೆಯಾದರೆ ಮನೆಗಳೇ ಎದ್ದು ಕೆರೆಗೆ ನೀರು ಕುಡಿಯಲು ಹೋಗುತ್ತಿದ್ದವಲ್ಲ, ಬಲು ಚೆನ್ನಾಗಿತ್ತು. ಬರೆದವರು ಯಾರಮ್ಮ?"

ಚಂಪಕ ಸಹಿಯಾದ ಕಾಗದವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು.

"ಅದು ನಾನು ಓದಿದ್ದಲ್ಲ ಸರ್, ನೀವು ಕಂಡದ್ದು."