ಗಡ್ಡೆಗೆ ವಿಧಿಸಿದ ಉಪವಾಸ

ಹೊಳೆದಂಡೆಯ ಆಶ್ರಮದಲ್ಲಿ ಶಂಭುಲಿಂಗ ವೈದ್ಯವಿದ್ಯೆ ಕಲಿಯುತ್ತಿದ್ದ. ಗುರು ಸಿದ್ಧವೀರರು ಮೊದಲ ಸಲ ಅವನ ಕೈಗೆ ಒಬ್ಬ ರೋಗಿಯನ್ನು ಒಪ್ಪಿಸಿ ಆಚೆ ದಂಡೆಯ ಊರುಗಳಿಗೆ ಹೋದರು.

ರೋಗಿ ಹರಿಗೋಲು ನಡೆಸುವ ಹುಲುಗಪ್ಪ. ಕುತ್ತಿಗೆಯಲ್ಲಿ ಗಡ್ಡೆ ಬೆಳೆದಿತ್ತು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಶಂಭುಲಿಂಗನೂ ಅಷ್ಟೇ.

ಇಪ್ಪತ್ತು ದಿನಗಳ ಮೇಲೆ ಗುರುಗಳು ಹಿಂದಿರುಗಿದಾಗ ಹುಲುಗಪ್ಪನ ಹೆಂಡತಿ ದುರುಗವ್ವ ಗಂಜಿಯ ತಂಬಿಗೆ ಹಿಡಿದು ಬಾಗಿಲ ಹೊರಗೆ ಕೂತಿದ್ದಳು.

“ಒಂದ್ ಗುಟುಕು ಕುಡಸ್ತೀನಂದ್ರೂ ನಿಮ್ಮ ಶಿಷ್ಯ ಬಿಡವಲ್ಲರೀ ಅಜ್ಜಾರ,” ಎಂದು ಅತ್ತಳು.

ಒಳಗೆ ಶಂಭುಲಿಂಗ ದಾರ ಸುತ್ತಿ ಗಡ್ಡೆ ಅಳೆಯುತ್ತಿದ್ದ.

“ಊಟ ಯಾಕೆ ನಿಲ್ಲಿಸಿದೆ?”

“ಗಡ್ಡೆಗೂ ಹಸಿವಿದೆ ಗುರುಗಳೇ. ತಿನ್ನಲು ಸಿಗದಿದ್ದರೆ ಸಾಯುತ್ತದೆ. ಲಂಘನಂ ಪರಮೌಷಧಂ, ಉಪವಾಸವೇ ದೊಡ್ಡ ಮದ್ದು ಎಂದು ನೀವೇ ಹೇಳಿಕೊಟ್ಟಿದ್ದೀರಿ.”

“ಸತ್ತಿತೇ?”

ಶಿಷ್ಯ ದಾರ ನೋಡಿದ. “ಇಲ್ಲ. ತುಸು ದಪ್ಪವಾಗಿದೆ.”

“ಈಗ ಅವನ ತೋಳು ಅಳೆ.”

ಹರಿಗೋಲಿನ ಹುಟ್ಟು ಹಾಕಿ ಹಾಕಿ ಗಟ್ಟಿಯಾಗಿದ್ದ ತೋಳು ಅದು. ಮೇಲ್ತೋಳಿಗೆ ಬಿಗಿಯಾಗಿ ಕಟ್ಟಿದ್ದ ತಾಯತ ಮಣಿಕಟ್ಟಿಗೆ ಜಾರಿತ್ತು. ಶಂಭುಲಿಂಗನಿಗೆ ಅಳೆಯಲು ಕೈ ಬರಲಿಲ್ಲ. ತುಂಬ ಹೆದರಿದ.

“ನೀನು ಕೊಡಲಿಲ್ಲ. ಅದು ಇವನನ್ನೇ ಉಂಡಿತು,” ಎಂದರು ಗುರುಗಳು.

ಅವರು ದುರುಗವ್ವನನ್ನು ಒಳಗೆ ಕರೆದರು. ಅವಳು ಗಂಡನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಕುಡಿಸಿದಳು. ಹುಲುಗಪ್ಪ ಕಣ್ಣು ಮುಚ್ಚಿಕೊಂಡೇ ನುಂಗಿದ.

ಗುರು ಶಿಷ್ಯರು ಹೊಳೆಯ ಮೆಟ್ಟಿಲಿಗೆ ಬಂದು ಕೂತರು.

“ಆ ಗಂಜಿ ಗಡ್ಡೆಗೂ ಹೋಗುತ್ತದಲ್ಲ ಗುರುಗಳೇ?”

“ಹೋಗುತ್ತದೆ.”

“ಹಾಗಾದರೆ ಅದನ್ನು ಕೊಲ್ಲುವುದು ಹೇಗೆ?”

“ಅವನೂ ಗಡ್ಡೆಯೂ ಉಣ್ಣುವುದು ಒಂದೇ ಮಡಕೆಯಿಂದ. ಆದರೂ ಯಾವುದನ್ನು ಬಿಟ್ಟು ಅವನು ಬದುಕಬಲ್ಲನೋ, ಗಡ್ಡೆ ಬದುಕಲಾರದೋ, ಅಂಥದ್ದು ಆ ಮಡಕೆಯಲ್ಲಿ ಒಂದಾದರೂ ಇದ್ದೀತು. ಅದನ್ನಷ್ಟೇ ತಡೆಯಬೇಕು.”

“ಅದು ಯಾವುದು?”

“ನನಗೆ ಗೊತ್ತಿಲ್ಲ.”

ಗುರುಗಳ ಬಾಯಲ್ಲಿ ಈ ಮಾತನ್ನು ಶಂಭುಲಿಂಗ ಹಿಂದೆಂದೂ ಕೇಳಿರಲಿಲ್ಲ.

“ನಾನು ಹುಡುಕಲೇ?”

“ಹುಡುಕು. ನಿನಗೆ ಸಿಗದಿದ್ದರೆ ನಿನ್ನ ಶಿಷ್ಯ ಹುಡುಕಲಿ.”

“ಅಷ್ಟರಲ್ಲಿ ಹುಲುಗಪ್ಪ ಹೋಗಿಬಿಟ್ಟರೆ?”

ಒಳಗಿನಿಂದ ದುರುಗವ್ವ ಗಂಡನನ್ನು ಇನ್ನೊಂದು ಗುಟುಕಿಗೆ ಪುಸಲಾಯಿಸುವುದು ಕೇಳುತ್ತಿತ್ತು.

“ಉಂಡು ಹೋಗಲಿ,” ಎಂದರು ಗುರುಗಳು.